ಚಿಮಣಿ ಇರುವ ಹಳೇ ಮನೆಗೆ 98 ಲಕ್ಷ ಹೇಳ್ತಿದ್ದಾರೆ, ನಾವು ಎಷ್ಟಕ್ಕೆ ಕೇಳಬೇಕು?

ಪ್ರಶ್ನೆ: ಸರ್, ನಾನು, ನನ್ನ ಹೆಂಡತಿ ಇಬ್ಬರೂ ಮೈಸೂರಿನಲ್ಲಿ ಕೆಲಸದಲ್ಲಿದ್ದೇವೆ. ಊರು ಕೊಡಗೇ. ವಿರಾಜಪೇಟೆಯಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಒಂದು ಹಳೇ ಮನೆ ಮಾರಾಟಕ್ಕಿದೆ. 1938ರಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದವರೊಬ್ಬರು ಕಟ್ಟಿಸಿದ್ದಂತೆ. ಮುಂದಿನ ಅರ್ಧ ದೊರೆಗಳ ಬಂಗಲೆ ಥರ: ಅರ್ಧ ದುಂಡಗಿನ ಕೋಣೆ, ಫೈರ್‌ಪ್ಲೇಸ್, ಚಿಮಣಿ. ಹಿಂದಿನ ಅರ್ಧ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಥರ: ಕಂಬಗಳ ನಡುಮನೆ, ಐಮರ (ಕೂರುವ ದಪ್ಪ ಹಲಗೆ), ಅಟ್ಟ. ಮಣ್ಣಿನ ಗೋಡೆ, ಮಂಗಳೂರು ಹಂಚು, 1,700 ಚದರಡಿ. ಪಕ್ಕಕ್ಕೆ 1988ರಲ್ಲಿ ಸೇರಿಸಿದ 700 ಚದರಡಿ ಆರ್‌ಸಿಸಿ ಭಾಗ. ಜಾಗ 35 ಸೆಂಟು, ಅದರಲ್ಲಿ 22 ಸೆಂಟಿಗೆ ಕನ್ವರ್ಷನ್ (ಮನೆಗಾಗಿ ಭೂಪರಿವರ್ತನೆ) ಆಗಿದೆ, ಉಳಿದ 13 ಸೆಂಟು ಹಿಂದಿನ ಇಳಿಜಾರಿನ ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಾಗ). ಮನೆಗೆ ಹೋಗುವ ದಾರಿ ಪಕ್ಕದವರ ತೋಟದೊಳಗಿಂದ. 98 ಲಕ್ಷ ಹೇಳುತ್ತಿದ್ದಾರೆ. ಆರು ಬೀಟೆ ಕಂಬವೇ 15 ಲಕ್ಷ ಬಾಳುತ್ತದೆ ಅನ್ನುತ್ತಾರೆ ಮಾರುವ ಮನೆಯವರು. 90ಕ್ಕಿಂತ ಕೆಳಗೆ ಬಾಯಿ ಬಿಡಬೇಡಿ, ಬೆಂಗಳೂರಿನ ಪಾರ್ಟಿ ರೆಡಿ ಇದೆ ಅನ್ನುತ್ತಾರೆ ಬ್ರೋಕರ್. ಅರ್ಧಕ್ಕೆ ಕೇಳು ಅನ್ನುತ್ತಾರೆ ನಮ್ಮ ಮಾವ. ಸುತ್ತಮುತ್ತ ಇಂಥ ಮನೆ ಇನ್ನೊಂದಿಲ್ಲ, ಹೋಲಿಸಿ ನೋಡೋಣ ಅಂದರೆ ದಾರಿಯೇ ಇಲ್ಲ. ಕನ್ವರ್ಷನ್ ಆದ ಹತ್ತು ಸೆಂಟಿನ ಸೈಟುಗಳು ಸೆಂಟಿಗೆ ಎರಡು ಲಕ್ಷದ ಹಾಗೆ ಹೋಗಿವೆ. ಮನೆ 14 ತಿಂಗಳಿಂದ ಮಾರಾಟಕ್ಕಿದೆ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇದೆ, ಪಾಲು ಬಾಯಿಮಾತಿನಲ್ಲಿ ಆಗಿದೆಯಂತೆ, ಒಬ್ಬ ತಂಗಿ ಕೆನಡಾದಲ್ಲಿದ್ದಾರೆ. ನಮ್ಮ ಕೈಯಲ್ಲಿ 45 ಲಕ್ಷ ಇದೆ, ಉಳಿದದ್ದು ಸಾಲ. ಎಷ್ಟಕ್ಕೆ ಕೇಳಬೇಕು?

ಉತ್ತರ:

ಮೊದಲಿಗೆ, ಇಷ್ಟು ವಿವರ ಕೊಟ್ಟು ಯಾರೂ ಬರೆಯುವುದಿಲ್ಲ, ಅದಕ್ಕೆ ಥ್ಯಾಂಕ್ಸ್. ಸಾಮಾನ್ಯವಾಗಿ ನನಗೆ ಬರುವುದು ಮನೆಯ ಒಂದು ಫೋಟೋ, ಕೆಳಗೆ "ರೇಟು ಎಷ್ಟಾಗಬಹುದು ಸರ್" ಅಂತ ಒಂದು ಸಾಲು.

ನಿಮಗೆ ಎರಡು ಭಯ ಒಟ್ಟಿಗೇ ಇದೆ. ಜಾಸ್ತಿ ಕೊಟ್ಟು ಪೆದ್ದರಾಗುತ್ತೇವೆ ಅನ್ನುವುದು ಒಂದು. ಕಡಿಮೆ ಕೇಳಿ ಮನೆ ಕೈತಪ್ಪುತ್ತದೆ ಅನ್ನುವುದು ಇನ್ನೊಂದು. ಎರಡೂ ನ್ಯಾಯವೇ. ಆದರೆ ನೀವು ಹೇಳಿದ ಮೂರು ನಂಬರಿನಲ್ಲಿ, ಅಂದರೆ 98, 90, ಅರ್ಧ, ಒಂದಕ್ಕೂ ಹಿಂದೆ ಲೆಕ್ಕ ಇಲ್ಲ. ಮಾವನವರದ್ದಕ್ಕೂ ಇಲ್ಲ, ಬೇಜಾರು ಮಾಡಿಕೊಳ್ಳಬಾರದು. ಹೇಳಿದ ಬೆಲೆಯೇ ಗಾಳಿಯಲ್ಲಿ ಬಂದದ್ದಾದರೆ ಅದರ ಅರ್ಧವೂ ಗಾಳಿಯದ್ದೇ ಅಲ್ವಾ?

ನಾನು ಸಿವಿಲ್ ಇಂಜಿನಿಯರ್, ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡಿಕೊಂಡು ಈ ಜಿಲ್ಲೆಯಲ್ಲೇ ಇಪ್ಪತ್ತು ವರ್ಷದ ಮೇಲಾಯಿತು. ಹೋಲಿಸಲು ಸಿಗದ ಮನೆ ಬಂದಾಗ ನಾನು ಬೆಲೆಯನ್ನು ಮೂರು ಜೇಬಿಗೆ ಹಾಕುತ್ತೇನೆ. ಒಂದು ಜಾಗದ ಜೇಬು. ಎರಡನೆಯದು ಕಟ್ಟಡದ್ದು, ರಿಪೇರಿ ಕಳೆದು ಉಳಿಯುವುದು. ಮೂರನೆಯದಕ್ಕೆ ನಾನು ಇಟ್ಟ ಹೆಸರು ಇಷ್ಟದ ದುಡ್ಡು. ದುಂಡಗಿನ ಕೋಣೆ ನೋಡಿ ನಿಮ್ಮ ಹೆಂಡತಿ "ಇಲ್ಲೇ ಕೂತು ಮಳೆ ನೋಡಬಹುದು" ಅಂದರಲ್ಲ (ಅಂದೇ ಇರುತ್ತಾರೆ, ಎಲ್ಲರೂ ಅನ್ನುತ್ತಾರೆ), ಆ ಮಾತಿನ ಬೆಲೆ. ಇಷ್ಟದ ದುಡ್ಡು ಕೊಡುವುದು ತಪ್ಪಲ್ಲ. ಆದರೆ ಅದು ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದೇ ಕೊಡಬೇಕು. ಎಡವಟ್ಟಾಗುವುದು ಅದನ್ನು ಮೊದಲ ಎರಡು ಜೇಬಿನೊಳಗೆ ಅಡಗಿಸಿಟ್ಟುಕೊಂಡಾಗ.

ಲೆಕ್ಕಕ್ಕೆ ಹೋಗುವ ಮೊದಲು ಈ ಬೀಟೆ ಕಂಬದ ವಿಷಯ ಮುಗಿಸಿಬಿಡೋಣ. ಕಂಬ ಎಂಟು ಅಡಿ ಎತ್ತರ, ಎಂಟಿಂಚು ಚೌಕ ಅಂತ ಇಟ್ಟುಕೊಳ್ಳಿ. ಒಂದರಲ್ಲಿ ಮೂರೂವರೆ ಘನ ಅಡಿ ಮರ. ಆರರಲ್ಲಿ 21. ಇದು 15 ಲಕ್ಷ ಬಾಳಬೇಕಾದರೆ ಘನ ಅಡಿಗೆ 70 ಸಾವಿರ ಬೀಳಬೇಕು. ಆ ರೇಟಿಗೆ ಕೊಳ್ಳುವವರು ಯಾರಾದರೂ ಇದ್ದರೆ ನನಗೂ ತಿಳಿಸಿ, ನಮ್ಮ ಮನೆಯಲ್ಲೂ ಒಂದು ಹಳೇ ಮಂಚ ಇದೆ. ಇನ್ನೊಂದು, ಕಂಬ ಮಾರಬೇಕಾದರೆ ಸೂರು ಇಳಿಸಬೇಕು. ಬೀಟೆ, ತೇಗ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಅಂದರೆ ಕಂಬಕ್ಕೆ ಬೆಲೆ ಕಟ್ಟಿದರೆ ಮನೆಗೆ ಕಟ್ಟಬಾರದು, ಮನೆಗೆ ಕಟ್ಟಿದರೆ ಕಂಬಕ್ಕೆ ಬೇರೆ ಕಟ್ಟಬಾರದು. ಎರಡಕ್ಕೂ ಒಟ್ಟಿಗೇ ದುಡ್ಡು ಕೇಳುವುದು ಹಸುವಿಗೂ ರೇಟು, ಅದರ ಚರ್ಮಕ್ಕೂ ರೇಟು ಅಂದ ಹಾಗೆ.

ಹಿಂದಿನ ಬಾಣೆಯಲ್ಲಿ ನಿಂತ ಬೀಟೆ ಮರ ಇದ್ದರೆ ಅದನ್ನೂ ಬೆಲೆಯಲ್ಲಿ ಸೇರಿಸಬೇಡಿ. ಅನ್‌ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ) ಜಾಗವಾದರೆ ಮರದ ಹಕ್ಕು ಸರ್ಕಾರದ್ದು. ನೀವು ಅದರ ನೆರಳಲ್ಲಿ ಕೂರಬಹುದು, ಅಷ್ಟೇ.

"ಹಳೇ ಮನೆ, ಪಾರಂಪರಿಕ, ಅದಕ್ಕೇ ಜಾಸ್ತಿ" ಅನ್ನುವುದು ಇನ್ನೊಂದು ನಂಬಿಕೆ. ಹಳೆಯದು ಅಂದ ಮಾತ್ರಕ್ಕೆ ಮಾರುಕಟ್ಟೆ ದುಡ್ಡು ಕೊಡುವುದಿಲ್ಲ. ಇದರ ತದ್ವಿರುದ್ಧ ನಂಬಿಕೆಯೂ ಇದೆ: ಮಣ್ಣಿನ ಗೋಡೆಗೆ ಬೆಲೆಯೇ ಇಲ್ಲ, ಜಾಗಕ್ಕೆ ಮಾತ್ರ ದುಡ್ಡು ಕೊಡಿ ಅಂತ. ಇದೂ ತಪ್ಪು. ನಾಲ್ಕ್‌ನಾಡು ಅರಮನೆ 1792ರದ್ದು, ಇವತ್ತೂ ನಿಂತಿದೆ. ನೆತ್ತಿಗೆ ಸೂರು, ಕಾಲಿಗೆ ಒಣ ಅಡಿಪಾಯ, ಇವೆರಡು ಸರಿ ಇದ್ದರೆ ಮಣ್ಣಿನ ಗೋಡೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಹಾಗೇ ಹಂಚಿನ ಮೇಲಿನ ಮುದ್ರೆ ನೋಡಿ ಮನೆಯ ವಯಸ್ಸು ಹೇಳುವವರನ್ನು ನಂಬಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಆ ಹಳೇ ಹಂಚುಗಳು ಒಂದು ಮನೆ ಬಿಚ್ಚಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಲೇ ಇವೆ.

ಸರ್ಕಾರದ ಮಾರ್ಗಸೂಚಿ ದರ ನೋಡಿ ಬೆಲೆ ಹೇಳಲೇ ಅಂತ ಕೆಲವರು ಕೇಳುತ್ತಾರೆ. ಅದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಇರುವ ದರ. ಊರು, ಜಾಗದ ಬಗೆ ನೋಡಿ ಕಟ್ಟಿದ ರೇಟು. ನಿಮ್ಮ ಮನೆಯ ಹಿಂದೆ ಬರೆ (ಗುಡ್ಡದ ಕಡಿದಾದ ಅಂಚು) ಜರಿಯುತ್ತಿದೆಯೋ ಇಲ್ಲವೋ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಸರಿ, ಜಾಗದ ಜೇಬು. ಹತ್ತು ಸೆಂಟಿನ ಸೈಟು ಸೆಂಟಿಗೆ ಎರಡು ಲಕ್ಷಕ್ಕೆ ಹೋದರೆ 35 ಸೆಂಟು 70 ಲಕ್ಷ ಅಂತ ಮನೆಯವರು ಗುಣಾಕಾರ ಮಾಡಿರುತ್ತಾರೆ. 98 ಬಂದದ್ದೇ ಹಾಗೆ ಅಂತ ನನ್ನ ಊಹೆ: 70 ಜಾಗಕ್ಕೆ, 15 ಕಂಬಕ್ಕೆ, ಮಿಕ್ಕಿದ್ದು ಮನೆಗೆ. ಆದರೆ ಚಿಕ್ಕ ಸೈಟಿನ ರೇಟು ದೊಡ್ಡ ಜಾಗಕ್ಕೆ ಸಿಗುವುದಿಲ್ಲ, ಕೊಳ್ಳುವವರು ಕಡಿಮೆ. ದಾರಿ ಬೇರೆ ಪಕ್ಕದವರ ತೋಟದಲ್ಲಿದೆ. ಅದಕ್ಕೆ ಕನ್ವರ್ಷನ್ ಆದ 22 ಸೆಂಟನ್ನು ನಾನು 1.8 ಲಕ್ಷದ ಹಾಗೆ ಹಿಡಿಯುತ್ತೇನೆ: 39.6 ಲಕ್ಷ. ಇಳಿಜಾರಿನ 13 ಸೆಂಟಿನಲ್ಲಿ ಮನೆ ಕಟ್ಟಲಾಗುವುದಿಲ್ಲ, ಕಟ್ಟಲೂಬಾರದು. ಸೆಂಟಿಗೆ 70 ಸಾವಿರ ಹಿಡಿದರೂ ಉದಾರವೇ: 9.1 ಲಕ್ಷ. ಒಟ್ಟು 48.7.

ಕಟ್ಟಡದ್ದು ಸ್ವಲ್ಪ ಉದ್ದ. ಬ್ಯಾಂಕಿನವರು ನೋಡುವ ರೀತಿ ಹೀಗೆ: ಇವತ್ತು ಸಾಧಾರಣವಾಗಿ ಕಟ್ಟಲು ಚದರಡಿಗೆ 2,000 ರೂಪಾಯಿ ಅಂತ ಹಿಡಿಯೋಣ. ಹಳೇ 1,700 ಚದರಡಿಗೆ 34 ಲಕ್ಷ. 85 ವರ್ಷ ದಾಟಿದ ಮಣ್ಣಿನ ಗೋಡೆಗೆ ಸವಕಳಿ ಕಳೆದರೆ ಉಳಿಯುವುದು ಹತ್ತು ಪರ್ಸೆಂಟ್, 3.4 ಲಕ್ಷ. ಆರ್‌ಸಿಸಿ ಭಾಗ 14 ಲಕ್ಷ, ಸುಮಾರು 37 ವರ್ಷದ ಸವಕಳಿ ಕಳೆದು 6.3. ಜಾಗ ಸೇರಿ 58.4 ಲಕ್ಷ.

ಇರುವವರ ಕಣ್ಣಿನಲ್ಲಿ ನೋಡಿದರೆ ಲೆಕ್ಕ ಬೇರೆ. ಇಷ್ಟೇ ದೊಡ್ಡ ಹೊಸ ಮನೆ ಕಟ್ಟಲು 48 ಲಕ್ಷ. ಪೂರ್ತಿ ರಿಪೇರಿ ಆದ ಹಳೇ ಮನೆ ನಿಮಗೆ ಹೊಸದರ 65 ಪರ್ಸೆಂಟ್ ಬಾಳುತ್ತದೆ ಅನ್ನೋಣ, ಅಂದರೆ 31. ಅದರಲ್ಲಿ ರಿಪೇರಿ ಕಳೆಯಿರಿ. ಎಷ್ಟು ಅಂತ ಗೋಡೆ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಇಂಥ ಮನೆಗಳಲ್ಲಿ ಎಲ್ಲಿ ದುಡ್ಡು ಹೋಗುತ್ತದೆ ಅಂತ ಗೊತ್ತು.

ಸೂರು ಮೊದಲನೆಯದು. ಒಂದು ಹಂಚು ಎರಡೂವರೆ ಕೆಜಿ ಮೇಲೆ, ನೂರು ಚದರಡಿಗೆ ಸುಮಾರು 140 ಹಂಚು, ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಭಾರ. ಇದನ್ನೆಲ್ಲ ಹೊರುವ ಪಕಾಸಿ (ಸೂರಿನ ಇಳಿಜಾರಿನ ಮರ) ಎಲ್ಲಿ ಕೊಳೆಯುತ್ತದೆ ಗೊತ್ತಾ? ನಡುವೆ ಅಲ್ಲ. ಗೋಡೆಯ ಮೇಲೆ ಕೂರುವ ತುದಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಆ ತುದಿಗೆ ಚುಚ್ಚಿ ನೋಡಿ, ಬೆಣ್ಣೆ ಥರ ಒಳಗೆ ಹೋದರೆ ಆ ಪಕಾಸಿ ಹೋಯಿತು ಅಂತಲೇ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸೌದೆ ಒಲೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆ ಅಟ್ಟವನ್ನೆಲ್ಲ ಒಣಗಿಸಿಡುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂತು, ಹೊಗೆ ನಿಂತಿತು, ಅಜ್ಜಿ ಕಾಲದಿಂದ ಗಟ್ಟಿಯಾಗಿದ್ದ ಮರಕ್ಕೆ ಆಮೇಲೆ ಹುಳ ಬಿತ್ತು. ಅಡುಗೆಮನೆಗೆ ಗ್ಯಾಸ್ ಯಾವಾಗ ಬಂತು ಅಂತ ಸುಮ್ನೆ ಮಾತಿನ ನಡುವೆ ಕೇಳಿ.

ಗೋಡೆ ಎರಡನೆಯದು. ಮಣ್ಣಿನ ಗೋಡೆ ಉಸಿರಾಡುವ ಗೋಡೆ: ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಮೈಯಿಂದ ಬಿಡುತ್ತದೆ. ಸುಣ್ಣದ ಗಾರೆ ಇದ್ದರೆ ತೇವ ಹೊರಗೆ ಹೋಗುತ್ತದೆ. ಎಷ್ಟೋ ಮನೆಯವರು ಚೆಂದ ಕಾಣಲಿ ಅಂತ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ಮೇಲಿಂದ ಪ್ಲಾಸ್ಟಿಕ್ ಪೇಂಟ್ ಬಳಿಸಿರುತ್ತಾರೆ. ತೇವ ಒಳಗೇ ಸಿಕ್ಕಿಬೀಳುತ್ತದೆ. ಹೊರಗಿಂದ ಗೋಡೆ ಹೊಸದರ ಥರ, ಒಳಗೆ ಮಣ್ಣು ಮೆತ್ತಗೆ. ಬೆರಳಿನ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆಯನ್ನು ಬಿಟ್ಟಿದೆ. ಮಾರುವ ಮೊದಲು ಪೇಂಟ್ ಹೊಡೆಸಿದ ಹಳೇ ಮನೆಗಿಂತ ಪೇಂಟ್ ಹೊಡೆಸದ ಮನೆಗೆ ನಾನು ಜಾಸ್ತಿ ಬೆಲೆ ಕಟ್ಟುತ್ತೇನೆ. ಕನಿಷ್ಠ ಅದು ಸುಳ್ಳು ಹೇಳುವುದಿಲ್ಲ.

ಆಮೇಲೆ ಎರಡು ಸೂರು ಸೇರುವ ಜಾಗಗಳು. ಹಂಚಿನ ಮಾಡು ಬಂದು 1988ರ ತಾರಸಿಗೆ ಸೇರುವ ಕಡೆ, ಮತ್ತು ಚಿಮಣಿ ಹಂಚನ್ನು ಸೀಳಿಕೊಂಡು ಮೇಲೆ ಹೋಗುವ ಕಡೆ. ಇವೆರಡು ಕಡೆ ಸೋರದ ಮನೆಯನ್ನು ನಾನು ಕಡಿಮೆ ನೋಡಿದ್ದೇನೆ. ಒಮ್ಮೆ ನಾನೇ ಮೋಸಹೋಗಿದ್ದೆ. ಫೆಬ್ರವರಿಯಲ್ಲಿ ನೋಡಿ "ಚೆನ್ನಾಗಿದೆ" ಅಂತ ಒಬ್ಬರಿಗೆ ಹೇಳಿದ್ದೆ, ಜುಲೈನಲ್ಲಿ ಅವರು ಫೋನ್ ಮಾಡಿ ಫೈರ್‌ಪ್ಲೇಸ್ ಒಳಗೆ ಬಕೆಟ್ ಇಟ್ಟಿದ್ದೇವೆ ಬಂದು ನೋಡಿ ಸರ್ ಅಂದರು. ಹೋಗಿ ನೋಡಿದೆ, ಬಕೆಟ್ ತುಂಬಿತ್ತು.

ಸೂರಿಗೆ 6, ಗೋಡೆಗೆ 3, ಸೂರು ಸೇರುವ ಕಡೆಗಳಿಗೆ ಒಂದೂವರೆ, ವೈರಿಂಗ್ ಮತ್ತು ನೀರಿನ ಪೈಪಿಗೆ 4, ಬಚ್ಚಲು ಶೌಚಾಲಯಕ್ಕೆ ಎರಡೂವರೆ, ಹಿಂದಿನ ಚರಂಡಿ ಮತ್ತು ತಡೆಗೋಡೆಗೆ 4. ಒಟ್ಟು 21 ಲಕ್ಷ. ಇದು ಅಂದಾಜು, ಸ್ಥಳಕ್ಕೆ ಹೋದ ಮೇಲೆ ಏರಬಹುದು, ಇಳಿದದ್ದನ್ನು ನಾನು ನೋಡಿಲ್ಲ. 31ರಲ್ಲಿ 21 ಹೋದರೆ 10. ಜಾಗ ಸೇರಿ 58.7. ಎರಡು ದಾರಿಯಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಬಂದೆವು. ಯಾವಾಗಲೂ ಹೀಗೆ ಬರುವುದಿಲ್ಲ, ಬಂದಾಗ ಧೈರ್ಯ ಬರುತ್ತದೆ.

ಅಂದರೆ ಮೊದಲ ಎರಡು ಜೇಬಿನಲ್ಲಿ ಇರುವುದು 58, 59 ಲಕ್ಷ. ಅದರ ಮೇಲೆ ಕೊಡುವುದೆಲ್ಲ ಇಷ್ಟದ ದುಡ್ಡು. ಎಷ್ಟು ಇಷ್ಟ ಅಂತ ನಾನು ಹೇಳಲಾರೆ. ಆದರೆ ನಿಮ್ಮ ಕೈಯಲ್ಲಿ ಎಷ್ಟಿದೆ ಅಂತ ನೀವೇ ಬರೆದಿದ್ದೀರಿ, ಅದರಿಂದ ಉತ್ತರ ಬರುತ್ತದೆ.

ಬ್ಯಾಂಕು ಕನ್ವರ್ಷನ್ ಆಗದ 13 ಸೆಂಟನ್ನು ಲೆಕ್ಕಕ್ಕೇ ಹಿಡಿಯದಿರಬಹುದು. ಆಗ ಅವರ ಕಣ್ಣಿನಲ್ಲಿ ಮನೆ 49.3 ಲಕ್ಷದ್ದು. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮೌಲ್ಯದ 80 ಪರ್ಸೆಂಟ್. ಅಂದರೆ ಸಾಲ ಹೆಚ್ಚೆಂದರೆ 39 ಲಕ್ಷ. (ಮಣ್ಣಿನ ಗೋಡೆ ಅಂದ ಕೂಡಲೇ ಫೈಲು ಮುಚ್ಚುವ ಬ್ಯಾಂಕುಗಳೂ ಇವೆ, ಆದ್ದರಿಂದ ಬೆಲೆ ಮಾತಾಡುವ ಮೊದಲೇ ಬ್ಯಾಂಕಿಗೆ ಹೋಗಿ ಕೇಳಿ.) ಇನ್ನು ನೋಂದಣಿ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1 ಇದ್ದದ್ದು 2 ಪರ್ಸೆಂಟ್ ಆಗಿದೆ. ಎಲ್ಲ ಸೇರಿ ಏಳೂವರೆ ದಾಟುತ್ತದೆ. ಸಾಲದಲ್ಲಿ ಇದು ಬರುವುದಿಲ್ಲ.

ಇಷ್ಟದ ದುಡ್ಡು ಹತ್ತು ಲಕ್ಷ ಸೇರಿಸಿ 68ಕ್ಕೆ ಕೊಂಡರೆ ಕೈಯಿಂದ 29 ಮನೆಗೆ, 5 ಚಿಲ್ಲರೆ ನೋಂದಣಿಗೆ, 21 ರಿಪೇರಿಗೆ: 55 ಲಕ್ಷ. ನಿಮ್ಮಲ್ಲಿ ಇರುವುದು 45. ಹತ್ತು ಲಕ್ಷ ಕಡಿಮೆ ಬೀಳುತ್ತದೆ, ಮತ್ತು ಆ ಹತ್ತು ಎಲ್ಲಿ ಕಡಿತವಾಗುತ್ತದೆ ಅಂದರೆ ರಿಪೇರಿಯಲ್ಲಿ, ರಿಪೇರಿ ಮುಂದಕ್ಕೆ ಹೋದರೆ ಆ ವರ್ಷದ ಮಳೆ ಇನ್ನೂ ಮೂರು ಲಕ್ಷದ ಕೆಲಸ ಸೇರಿಸುತ್ತದೆ. ಹಳೇ ಮನೆ ಕೊಂಡು ಕೈ ಸುಟ್ಟುಕೊಂಡವರಲ್ಲಿ ಮುಕ್ಕಾಲು ಪಾಲು ಹೀಗೇ. ಅವರೇನೂ ಭಾರಿ ಜಾಸ್ತಿ ಬೆಲೆ ಕೊಟ್ಟಿರಲಿಲ್ಲ. ಕೊಟ್ಟಾದ ಮೇಲೆ ಸೂರಿಗೆ ದುಡ್ಡು ಉಳಿದಿರಲಿಲ್ಲ. 58ಕ್ಕೆ ಕೊಂಡರೆ ಅದೇ ಲೆಕ್ಕ 44 ಆಗುತ್ತದೆ. 62ಕ್ಕಾದರೆ 48, ಬಚ್ಚಲಿನ ಕೆಲಸ ಒಂದು ವರ್ಷ ಮುಂದೂಡಿದರೆ ಹೆಚ್ಚುಕಡಿಮೆ ನಡೆಯುತ್ತದೆ.

ಹಾಗಾಗಿ ನೇರ ಉತ್ತರ: 54ರಿಂದ ಶುರು ಮಾಡಿ, 62ಕ್ಕೆ ನಿಲ್ಲಿಸಿ. ಮನೆಗೆ 68 ಕೊಡುವವರೂ ಇರಬಹುದು, ಅವರ ಜೇಬು ಬೇರೆ.

ಆದರೆ ಇದೆಲ್ಲ ಕಾಗದ ಸರಿ ಇದ್ದರೆ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಆದದ್ದು 98 ಲಕ್ಷ ನೋಡಿ ಅಲ್ಲ, "ಬಾಯಿಮಾತಿನಲ್ಲಿ ಪಾಲು" ನೋಡಿ.

ಕೊಡಗಿನಲ್ಲಿ ಪಹಣಿ ಅಜ್ಜನ ಹೆಸರಲ್ಲೇ ಇರುವುದು ಹೊಸದಲ್ಲ. ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಾಗವಾದರೆ ಒಕ್ಕದ (ಇಡೀ ಮನೆತನದ) ಪಟ್ಟೆದಾರನ, ಅಂದರೆ ಯಜಮಾನನ, ಹೆಸರಿರುತ್ತದೆ, ಮುಂದೆ ಯಾರ್ಯಾರದ್ದೋ ಹೆಸರು ಸೇರಿರುತ್ತದೆ. ಬಾಣೆಯ ಒಡೆತನದ ಗೊಂದಲ ಬಗೆಹರಿಸಲೆಂದೇ 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದರು. ಆದರೆ ಕಾಯ್ದೆಯಲ್ಲಿ ಒಡೆತನ ಸಿಗುವುದು ಬೇರೆ, ಆ ಮನೆಯನ್ನು ಈ ಒಬ್ಬರೇ ಮಾರಬಹುದು ಅನ್ನುವುದು ಬೇರೆ. ಮೊದಲು ತಿಳಿದುಕೊಳ್ಳಬೇಕಾದದ್ದು ಈ ಜಾಗ ಒಕ್ಕದ್ದೋ, ಅಜ್ಜ ಸ್ವಂತ ಕ್ರಯಕ್ಕೆ ತೆಗೆದುಕೊಂಡದ್ದೋ ಅಂತ. ಅಜ್ಜನ ಸ್ವಂತದ್ದಾದರೆ ವಂಶವೃಕ್ಷ ಚಿಕ್ಕದು. ಒಕ್ಕದ್ದಾದರೆ ಎಷ್ಟು ಸಹಿ ಬೇಕಾಗುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಹೆಣ್ಣುಮಕ್ಕಳ ಸಹಿ ಬೇಡ, ಮದುವೆ ಮಾಡಿ ಕೊಟ್ಟಾಗಿದೆ ಅನ್ನುತ್ತಾರೆ. ಇದನ್ನು ಕೇಳಿದ ಕೂಡಲೇ ಎದ್ದು ನಿಲ್ಲಿ. 2005ರ ಸೆಪ್ಟೆಂಬರ್ 9ರಿಂದ ಮಗಳಿಗೂ ಮಗನಷ್ಟೇ ಹಕ್ಕು, ಆ ದಿನ ತಂದೆ ಬದುಕಿರಬೇಕು ಅಂತಲೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪಬಾರದು ಅಂತಲೂ ಅದೇ ತೀರ್ಪು ಹೇಳುತ್ತದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ರಿಜಿಸ್ಟರ್ ಆದ ಪಾಲುಪತ್ರ ಇದ್ದರೆ ಸರಿ. ನಿಮ್ಮ ಕೇಸಿನಲ್ಲಿ ಇಲ್ಲ. ಅಂದಮೇಲೆ ಮೊದಲು ಅವರೊಳಗೆ ರಿಜಿಸ್ಟರ್ ಪಾಲು ಆಗಲಿ, ಪಹಣಿ ಹೆಸರು ಬದಲಾಗಲಿ, ಅಥವಾ ಕ್ರಯಪತ್ರಕ್ಕೆ ಎಲ್ಲರೂ ಬಂದು ಸಹಿ ಹಾಕಲಿ. ಕೆನಡಾದ ತಂಗಿಯಿಂದ ಅಲ್ಲಿನ ಭಾರತೀಯ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಬೇಕು. ಬೆಲೆ 50 ಲಕ್ಷ ಮುಟ್ಟಿದರೆ ನೀವು ಅದರಲ್ಲಿ 1 ಪರ್ಸೆಂಟ್ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಬೇಕು, ತಂಗಿಯ ಪಾಲಿಗೆ ಅನಿವಾಸಿಯವರ ದರ, ಅದು ಬಹಳ ಜಾಸ್ತಿ. ಇದನ್ನು ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ, ಹಿಡಿಯದಿದ್ದರೆ ಇಲಾಖೆ ಕೇಳುವುದು ನಿಮ್ಮನ್ನು.

ದಾರಿಯೂ ಹಾಗೇ. ತಲೆಮಾರಿನಿಂದ ಓಡಾಡುತ್ತಿದ್ದೇವೆ, ಯಾರೂ ಏನೂ ಅಂದಿಲ್ಲ ಅನ್ನುತ್ತಾರೆ. ನಿಜ, ಅವರಿಗೆ ಅಂದಿಲ್ಲ. ನೀವು ಹೊಸಬರು, ಪಕ್ಕದವರು ನಾಳೆ ತೋಟಕ್ಕೆ ಗೇಟು ಹಾಕಿದರೆ ಸಿಮೆಂಟ್ ಲಾರಿ ಒಳಗೆ ಬರುವುದಿಲ್ಲ. ದಾರಿಯ ಹಕ್ಕು ಅಗಲದ ಅಳತೆ ಸಮೇತ ಬರವಣಿಗೆಯಲ್ಲಿ, ರಿಜಿಸ್ಟರ್ ಆಗಿ ಬರಬೇಕು. ಬರದಿದ್ದರೆ ನನ್ನ 1.8 ಲಕ್ಷದ ರೇಟು ಮರೆತುಬಿಡಿ, ಬ್ಯಾಂಕು ಕೂಡ ನಿಮ್ಮನ್ನು ಮರೆಯುತ್ತದೆ.

ಇನ್ನು ಬರೆ. 2018ರ ಆಗಸ್ಟ್ ನಂತರ ಕೊಡಗಿನಲ್ಲಿ ಮನೆ ನೋಡುವ ಕಣ್ಣೇ ಬದಲಾಯಿತು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ನಿಮಗೆ ಹೇಳಬೇಕಿಲ್ಲ. ಅದು ಮಡಿಕೇರಿ ಕಡೆ ಮಾತ್ರ ಅಂತ ನಿಮ್ಮ ಕಡೆಯವರು ಅಂದುಕೊಂಡಿದ್ದರು, ಮರುವರ್ಷ ವಿರಾಜಪೇಟೆ ಕಡೆಯ ತೋರ ಗ್ರಾಮದಲ್ಲೂ ಆಯಿತು. ನಿಮ್ಮ ಮನೆಯ ಹಿಂದಿನ 13 ಸೆಂಟು ಇಳಿಜಾರು ಅಂದಿರಿ. ಮನೆಗೆ ಜಾಗ ಮಾಡಲು ಗುಡ್ಡ ಕಡಿದಿದ್ದಾರಾ, ಎಷ್ಟು ಎತ್ತರ, 1988ರಲ್ಲಿ ಇನ್ನೂ ಸ್ವಲ್ಪ ಕಡಿದರಾ, ಇದು ನೋಡಿ. ಬಾಣೆಯ ಮೇಲಕ್ಕೆ ಹತ್ತಿ ಹೋಗಿ, ಬಿಲ್ಲಿನ ಆಕಾರದ ಬಿರುಕು ಇದೆಯಾ, ಸಿಲ್ವರ್ ಓಕ್ ಮರಗಳು ಬುಡದಲ್ಲಿ ಬಾಗಿವೆಯಾ, ಮೊದಲಿಲ್ಲದ ಕಡೆ ನೀರು ಒಸರುತ್ತದೆಯಾ. ಮೇಲಿನ ತೋಟದವರು ಕೆರೆ ತೋಡಿದ್ದಾರಾ ಅಂತಲೂ ಕೇಳಿ. ಇಂಥ ಲಕ್ಷಣ ಕಂಡರೆ ಬೆಲೆ ಇಳಿಸಿ ಕೊಳ್ಳಬೇಡಿ, ಬಿಟ್ಟುಬಿಡಿ. ಉಳಿದೆಲ್ಲ ದೋಷಕ್ಕೂ ಒಂದು ರೇಟು ಇದೆ, ಇದಕ್ಕಿಲ್ಲ.

ಬೆಂಗಳೂರಿನ ಪಾರ್ಟಿ ವಿಷಯಕ್ಕೆ ಬಂದರೆ, 14 ತಿಂಗಳಲ್ಲಿ ಬರದವರು ಈ ವಾರ ಬರುವುದಿಲ್ಲ. ಬಂದರೂ ಬರಲಿ. ವಿಚಿತ್ರ ಮನೆಗೆ ಕೊಳ್ಳುವವರು ಕಡಿಮೆ, ಅದು ಇವತ್ತು ನಿಮಗೆ ಅನುಕೂಲ. ಆದರೆ ನೀವು ಮಾರುವ ದಿನ ಅದೇ ನಿಮಗೆ ತೊಂದರೆ, ಇದು ನೆನಪಿರಲಿ.

ಬ್ರೋಕರ್ ಇನ್ನೊಂದು ಹೇಳುತ್ತಾರೆ, ಇವತ್ತಲ್ಲ ನಾಳೆ: ಕಡಿಮೆ ಬೆಲೆಗೆ ರಿಜಿಸ್ಟರ್ ಮಾಡಿಸಿ, ಮಿಕ್ಕಿದ್ದು ನಗದು ಕೊಡಿ, ಶುಲ್ಕ ಉಳಿಯುತ್ತದೆ. ಕಾನೂನು ತಪ್ಪು ಅನ್ನುವುದು ಒಂದು ಕಡೆ. ನಿಮ್ಮ ಸ್ವಾರ್ಥಕ್ಕೇ ಅದು ನಷ್ಟ. ಪತ್ರದಲ್ಲಿ ಕಾಣದ ದುಡ್ಡಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಮುಂದೆ ಮಾರುವಾಗ ಆ ದುಡ್ಡೆಲ್ಲ ನಿಮ್ಮ ಲಾಭ ಅಂತ ತೆರಿಗೆಗೆ ಬೀಳುತ್ತದೆ, ಪಾಲಿನ ಜಗಳ ಕೋರ್ಟಿಗೆ ಹೋದರೆ ಕೊಟ್ಟದ್ದಕ್ಕೆ ಸಾಕ್ಷಿಯೂ ಇಲ್ಲ.

ನಿಮ್ಮ ಮುಂದೆ ಬೇರೆ ದಾರಿಗಳೂ ಇವೆ. 22 ಸೆಂಟು ಮತ್ತು ಮನೆ ಮಾತ್ರ ಕೇಳಬಹುದು. ಬೆಲೆ 9 ಲಕ್ಷದಷ್ಟು ಇಳಿಯುತ್ತದೆ, ಆದರೆ ಮನೆಯ ಬೆನ್ನಿಗಿರುವ ಇಳಿಜಾರು ಬೇರೆಯವರ ಕೈಗೆ ಹೋಗುತ್ತದೆ. ನಾಳೆ ಅವರು ಅಲ್ಲಿ ಜೆಸಿಬಿ ತಂದರೆ ನೀವು ಕೆಳಗಿರುತ್ತೀರಿ. ನನಗೆ ಇಷ್ಟವಿಲ್ಲದ ಉಳಿತಾಯ ಇದು. ಇನ್ನೊಂದು, ಒಂದು ವರ್ಷಕ್ಕೆ ಬಾಡಿಗೆಗೆ ಕೇಳಿ, ಒಂದು ಮಳೆಗಾಲ ಅಲ್ಲೇ ಇದ್ದು ನೋಡಿ. ಅಷ್ಟರಲ್ಲಿ ಅವರ ಪಾಲಿನ ಕಾಗದವೂ ಆಗುತ್ತದೆ. ಮನೆಯವರು ಒಪ್ಪಿದರೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಆದರೆ ನಡುವೆ ಬೇರೆಯವರಿಗೆ ಮಾರುವ ಅಪಾಯ ಇದೆ, ಅದಕ್ಕೆ ಅಗ್ರಿಮೆಂಟಿನಲ್ಲಿ ಬೆಲೆಯನ್ನೂ ಬರೆಸಿಕೊಳ್ಳಬೇಕು.

ಕೇಳುವ ರೀತಿ ಬಗ್ಗೆ ಒಂದು ಮಾತು. ಮನೆಯ ದೋಷಗಳ ಪಟ್ಟಿ ಓದಬೇಡಿ. ಅವರ ಅಜ್ಜ ಕಟ್ಟಿಸಿದ ಮನೆ, ಯಾವುದೋ ಕಂಟೋನ್ಮೆಂಟಿನಲ್ಲಿ ನೋಡಿದ ಬಂಗಲೆಯನ್ನು ನೆನಪಿಟ್ಟುಕೊಂಡು ಬಂದು ಊರಿನ ಮೇಸ್ತ್ರಿಗೆ ವಿವರಿಸಿ ಕಟ್ಟಿಸಿರಬೇಕು, ಅದಕ್ಕೇ ಮುಂದೆ ಒಂದು ಥರ ಹಿಂದೆ ಒಂದು ಥರ. ಜಗಲಿಯಲ್ಲಿ ಕೂತು ಕಾಫಿ ಕುಡಿಯಿರಿ. ಬ್ರೋಕರ್ ಇಲ್ಲದಾಗ ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಡಿ: ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ಸೂರಿಗೆ ಇಷ್ಟು ಹೋಗುತ್ತದೆ, ಅದಕ್ಕೇ 54. ನಾವು ಮನೆ ಒಡೆಯುವುದಿಲ್ಲ ಅಂತಲೂ ಹೇಳಿ, ನಿಜವಾಗಿದ್ದರೆ ಮಾತ್ರ. ಎಷ್ಟೋ ಹಿರಿಯರಿಗೆ ಆ ಮಾತಿಗೆ ಎರಡು ಲಕ್ಷದ ತೂಕ ಇರುತ್ತದೆ. ಬೇಡ ಅಂದರೆ ಹಾಳೆ ಅಲ್ಲೇ ಬಿಟ್ಟು ಬನ್ನಿ. ಫೋನ್ ಎರಡು ತಿಂಗಳು ಬಿಟ್ಟು ಬರುತ್ತದೆ, ಬರದೆಯೂ ಇರಬಹುದು. ಸ್ಥಳದಲ್ಲೇ ಟೋಕನ್ ಅಂತ ನಗದು ಕೊಡಬೇಡಿ. ಒಪ್ಪಿದರೆ ರಿಜಿಸ್ಟರ್ ಅಗ್ರಿಮೆಂಟ್, ಸಹಿಗಳು ಮತ್ತು ದಾರಿ ಆಗದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಅದರಲ್ಲೇ ಬರೆಸಿ, ಪೇಪರಿನಲ್ಲಿ ತಕರಾರಿಗೆ ನೋಟಿಸ್ ಕೊಡಿಸಿ, ವಕೀಲರನ್ನು ನೀವೇ ಹುಡುಕಿಕೊಳ್ಳಿ, ಬ್ರೋಕರ್ ಹೇಳಿದವರನ್ನಲ್ಲ.

ಮನೆ ತೋರಿಸುವವರು ಹುತ್ತರಿ (ಸುಗ್ಗಿ ಹಬ್ಬ) ಮುಗಿದ ಮೇಲೆ, ಬಿಸಿಲಿನಲ್ಲಿ, ಕಾಫಿ ಹಣ್ಣಾಗಿರುವಾಗ ಕರೆಯುತ್ತಾರೆ. ನೀವು ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳು) ಒಂದು ಸಲ ಹೋಗಿ, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಟಾರ್ಚು, ಸ್ಕ್ರೂಡ್ರೈವರ್, ಹಳೇ ಬಟ್ಟೆ. ಅಟ್ಟ ಹತ್ತಿ ಅರ್ಧ ಗಂಟೆ ಅಲ್ಲೇ ಕೂರಿ, ಮಳೆ ಜೋರಾದಾಗ ಎಲ್ಲೆಲ್ಲಿ ತೊಟ್ಟಿಕ್ಕುತ್ತದೆ ಅಂತ ಲೆಕ್ಕ ಹಾಕಿ. ಚಿಮಣಿಯೊಳಗೆ ಟಾರ್ಚ್ ಬಿಡುವ ಮೊದಲು ಸದ್ದು ಕೇಳಿಸಿಕೊಳ್ಳಿ, ಹಳೇ ಚಿಮಣಿಯಲ್ಲಿ ಜೇನು ಕಟ್ಟಿರುತ್ತದೆ. ನನಗೆ ಒಮ್ಮೆ ಏಳೆಂಟು ಕಚ್ಚಿದ್ದವು, ಆ ಮನೆಯ ರಿಪೋರ್ಟನ್ನು ಎಡಗಣ್ಣು ಮುಚ್ಚಿಕೊಂಡೇ ಬರೆದೆ.